ಮುಪ್ಪಾಗದ ದೋಣಿಗಳ ಶಿಲ್ಪಿ ಕಾಲಿನ್ ಆರ್ಚರ್

ಯುರೋಪಿನ ಕರಾವಳಿ ಪಟ್ಟಣಗಳಲ್ಲಿ ಹಳೆಯ ದೋಣಿಗಳ ಕ್ರಯವಿಕ್ರಯ ಒಂದು ದೊಡ್ಡ ವ್ಯವಹಾರ. ನಮ್ಮಲ್ಲಿ ಹಳೆಯ ಕಾರುಗಳ ಜಾಹೀರಾತು ಬರುವಂತೆ ಅಲ್ಲಿ ಬಳಸಿದ ವಿಹಾರ ನೌಕೆಗಳ ಜಾಹೀರಾತು ಬರುತ್ತದೆ. ಉದ್ದ ಎಷ್ಟು, ಕಟ್ಟಿದ್ದು ಯಾವ ವರ್ಷ, ಎಂಜಿನ್ ಯಾವುದು, ಎಷ್ಟು ಜನ ಮಲಗಬಹುದು ಎಂಬ ವಿವರಗಳ ನಡುವೆ ಕೆಲವು ದೋಣಿಗಳ ಮುಂದೆ ಒಬ್ಬ ಮನುಷ್ಯನ ಹೆಸರು ಕುಲನಾಮದಂತೆ ಕಾಣಿಸಿಕೊಳ್ಳುತ್ತದೆ. ಆ ಹೆಸರು ಕಾಲಿನ್ ಆರ್ಚರ್. ಆ ಹೆಸರಿನ ಮನುಷ್ಯ ತೀರಿಕೊಂಡು ನೂರು ವರ್ಷ ದಾಟಿದೆ.

ಈ ದೋಣಿಗಳನ್ನು ಗುರುತಿಸುವುದು ಕಷ್ಟವಲ್ಲ. ಮುಂತುದಿಯಷ್ಟೇ ಹಿಂತುದಿಯೂ ಚೂಪು. ಹೊಟ್ಟೆ ಅಗಲ, ತೂಕ ಹೆಚ್ಚು. ಚುಕ್ಕಾಣಿ ದೋಣಿಯ ಹೊರಗೆ, ಹಿಂದಿನ ಕಂಬಕ್ಕೆ ಬಾಗಿಲಿನಂತೆ ನೇತುಬಿದ್ದಿರುತ್ತದೆ. ತೆಳುಗಾಳಿಯಲ್ಲಿ ಇವು ಎತ್ತಿನ ಗಾಡಿಯ ಹಾಗೆ ಸಾಗುತ್ತವೆ. ಇತ್ತೀಚಿನ ಯಾವುದೇ ಫೈಬರ್ ದೋಣಿ ಇವನ್ನು ಅನಾಯಾಸವಾಗಿ ಹಿಂದಿಕ್ಕುತ್ತದೆ. ಒಳಗೆ ಜಾಗ ಕಡಿಮೆ, ನಿರ್ವಹಣೆಯ ಖರ್ಚು ಹೆಚ್ಚು. ಲೆಕ್ಕ ನೋಡಿ ಕೊಳ್ಳುವವರು ಕೊಳ್ಳಬಾರದ ವಸ್ತು ಇದು. ಆದರೂ ಕೊಳ್ಳುವವರಿದ್ದಾರೆ. ಕೊಂಡು ಅದರ ಹಲಗೆ ಬದಲಿಸುವುದರಲ್ಲೇ ಅರ್ಧ ಆಯುಷ್ಯ ಕಳೆದವರೂ ಇದ್ದಾರೆ. ಮೀನುಗಾರಿಕೆಯ ಟ್ರಾಲರ್‌ನ ಅಚ್ಚಿನಲ್ಲಿ ಕಟ್ಟಿದ ನಿಧಾನಗತಿಯ ಡೀಸೆಲ್ ವಿಹಾರ ನೌಕೆಗಳನ್ನು ಜನ ಮೆಚ್ಚುವುದಕ್ಕೂ ಕಾರಣ ಇದೇ ಇರಬೇಕು. ಹೊಟ್ಟೆಪಾಡಿಗಾಗಿ ಕಡಲಿಗೆ ಇಳಿಯುವವನ ದೋಣಿ ಅವನನ್ನು ಮರಳಿ ಮನೆಗೆ ತರುವಂತೆ ಕಟ್ಟಿರುತ್ತದೆ ಎಂಬ ನಂಬಿಕೆ ಅದು. ಆರ್ಚರ್ ಅವರ ಬದುಕನ್ನು ನೋಡಿದರೆ ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ ಎಂಬುದು ತಿಳಿಯುತ್ತದೆ.

ಲಾರ್ವಿಕ್‌ನಿಂದ ಕ್ವೀನ್ಸ್‌ಲ್ಯಾಂಡಿಗೆ

ಆರ್ಚರ್ ಕುಟುಂಬದ ಮೂಲ ಸ್ಕಾಟ್ಲೆಂಡ್. ತಂದೆ ವಿಲಿಯಂ ಆರ್ಚರ್, ತಾಯಿ ಜೂಲಿಯಾ ವಾಕರ್. 1825ರಲ್ಲಿ ಈ ದಂಪತಿ ಫೈಫ್ ಪ್ರಾಂತ್ಯವನ್ನು ಬಿಟ್ಟು ದಕ್ಷಿಣ ನಾರ್ವೆಯ ಲಾರ್ವಿಕ್ ಎಂಬ ಸಣ್ಣ ಬಂದರಿಗೆ ಬಂದು ನೆಲೆಸಿದರು. ಮರದ ದಿಮ್ಮಿಗಳ ವ್ಯಾಪಾರ, ಸೀಗಡಿಯ ಜಾತಿಯ ದೊಡ್ಡ ಲಾಬ್‌ಸ್ಟರ್‌ಗಳ ರಫ್ತು ಅವರ ಕಸುಬು. ಟೋಲರೋಡನ್ ಎಂಬ ಕಡಲಂಚಿನ ಮನೆಯಲ್ಲಿ ಹದಿಮೂರು ಮಕ್ಕಳು ಬೆಳೆದರು. ಕೊನೆಯವರಲ್ಲೊಬ್ಬರಾದ ಕಾಲಿನ್ ಹುಟ್ಟಿದ್ದು 1832ರ ಜುಲೈ 22ರಂದು. ಮನೆಯ ಅಂಗಳಕ್ಕೂ ಸಮುದ್ರಕ್ಕೂ ನಡುವೆ ಕೆಲವೇ ಹೆಜ್ಜೆಗಳ ಅಂತರ. ದೋಣಿಯೆಂದರೆ ಆ ಮನೆಯ ಮಕ್ಕಳಿಗೆ ಆಟಿಕೆಯೂ ಹೌದು, ವಾಹನವೂ ಹೌದು.

ಅಣ್ಣಂದಿರು ಒಬ್ಬೊಬ್ಬರಾಗಿ ಆಸ್ಟ್ರೇಲಿಯಾದ ದಾರಿ ಹಿಡಿದರು. ಸ್ವಲ್ಪ ಕಾಲ ಹಡಗುಕಟ್ಟೆಯಲ್ಲಿ ಕೆಲಸ ಕಲಿತ ಕಾಲಿನ್ ಕೂಡ ಹದಿನೆಂಟರ ಆಸುಪಾಸಿನಲ್ಲಿ ಮನೆ ಬಿಟ್ಟರು. ಅದು ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚಿನ ಕಾಲ. ಅಲ್ಲಿಗೂ ಹೋಗಿ, ಚಿನ್ನದ ಬದಲು ಅನುಭವವನ್ನಷ್ಟೇ ಗಳಿಸಿ, ಶಾಂತ ಸಾಗರವನ್ನು ದಾಟಿ 1852ರಲ್ಲಿ ಅಣ್ಣಂದಿರನ್ನು ಸೇರಿಕೊಂಡರು. ಇಂದಿನ ಕ್ವೀನ್ಸ್‌ಲ್ಯಾಂಡ್ ಆಗ ಪ್ರತ್ಯೇಕ ವಸಾಹತು ಆಗಿರಲಿಲ್ಲ. ಅಣ್ಣಂದಿರು ಅಲ್ಲಿ ಫಿಟ್ಜ್‌ರಾಯ್ ನದಿಯ ದಂಡೆಯನ್ನು ಶೋಧಿಸಿ, ಗ್ರೇಸ್‌ಮಿಯರ್ ಎಂಬಲ್ಲಿ ಕುರಿ ಸಾಕಣೆಯ ನೆಲೆಯನ್ನು ಹೂಡಿದ್ದರು. 1855ರಲ್ಲಿ ಆ ನೆಲೆಗೆ ಬೇಕಾದ ಸಾಮಗ್ರಿಯನ್ನು ‘ಎಲಿಡಾ’ ಎಂಬ ಪುಟ್ಟ ಹಾಯಿಹಡಗಿನಲ್ಲಿ ತುಂಬಿಸಿಕೊಂಡು, ನಕ್ಷೆಯೇ ಸರಿಯಾಗಿಲ್ಲದ ಆ ನದಿಯಲ್ಲಿ ಮೇಲಕ್ಕೆ ಸಾಗಿದವರು ಕಾಲಿನ್. ಈ ನೆಲದಲ್ಲಿ ಮೊದಲಿನಿಂದ ಬಾಳಿದ್ದ ಮೂಲನಿವಾಸಿಗಳ ಪಾಲಿಗೆ ಆ ಹಾಯಿಯ ದರ್ಶನ ಶುಭಶಕುನವಾಗಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಆಸ್ಟ್ರೇಲಿಯಾದ ಆರ್ಚರ್‌ಗಳು ಶ್ರೀಮಂತರಾದರು, ರಾಜಕಾರಣಿಗಳಾದರು. ಕಾಲಿನ್ ಮಾತ್ರ 1861ರಲ್ಲಿ, ವೃದ್ಧ ತಂದೆ ತಾಯಿಯರ ಕರೆಗೆ ಓಗೊಟ್ಟು ಲಾರ್ವಿಕ್‌ಗೆ ಮರಳಿದರು. ಮುಂದೆ ಸಾಯುವವರೆಗೂ ಆ ಊರನ್ನೇ ನೆಚ್ಚಿಕೊಂಡರು.

ಕಲ್ಲಿನ ಬದಲು ಕಬ್ಬಿಣ

ಮೂವತ್ತರ ಹರೆಯ. ಕೈಯಲ್ಲಿ ಸ್ವಲ್ಪ ಹಣ, ಸಾಕಷ್ಟು ಬಿಡುವು. ಆರ್ಚರ್ ಹಡಗುಕಟ್ಟುವ ಶಾಸ್ತ್ರದ ಪುಸ್ತಕಗಳನ್ನು ತರಿಸಿಕೊಂಡು ತಾವೇ ಓದತೊಡಗಿದರು. ಯಾವ ವಿದ್ಯಾಲಯದಲ್ಲೂ ಅವರು ಈ ಶಾಸ್ತ್ರವನ್ನು ಅಭ್ಯಾಸ ಮಾಡಿದವರಲ್ಲ. ಹದಿನೆಂಟನೆಯ ಶತಮಾನದ ಸ್ವೀಡಿಷ್ ನೌಕಾಶಿಲ್ಪಿ ಚಾಪ್‌ಮನ್, ತಮ್ಮದೇ ಕಾಲದ ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ರಸೆಲ್ ಇವರ ಸಿದ್ಧಾಂತಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ನೀರಿನಲ್ಲಿ ಸಾಗುವ ದೋಣಿ ತನ್ನ ಸುತ್ತ ಅಲೆಯೊಂದನ್ನು ಎಬ್ಬಿಸುತ್ತದೆ. ಆ ಅಲೆಯ ಆಕಾರಕ್ಕೆ ಹೊಂದುವಂತೆ ದೋಣಿಯ ಗಾತ್ರವನ್ನು ಮುಂದಿನಿಂದ ಹಿಂದಿನವರೆಗೆ ಹಂಚಿದರೆ ನೀರಿನ ತಡೆ ಕಡಿಮೆಯಾಗುತ್ತದೆ ಎಂಬುದು ಅವರ ತರ್ಕದ ತಿರುಳು. 1870ರ ದಶಕದಲ್ಲಿ ಈ ಅಲೆಸೂತ್ರವನ್ನು ಬ್ರಿಟನ್ನಿನ ನೌಕಾಶಿಲ್ಪಿಗಳ ಸಂಸ್ಥೆಯ ಮುಂದೆ ಮಂಡಿಸಿದರು. ನಂತರದ ಕಾಲದಲ್ಲಿ ಆ ಸೂತ್ರಕ್ಕೆ ಶಾಸ್ತ್ರವಾಗಿ ಹೆಚ್ಚಿನ ಬೆಲೆ ಉಳಿಯಲಿಲ್ಲ. ಆದರೆ ಅದನ್ನು ಅನುಸರಿಸಿ ಕಟ್ಟಿದ ದೋಣಿಗಳು ಚೆನ್ನಾಗಿದ್ದವು. ಸೂತ್ರಕ್ಕಿಂತ ಕಣ್ಣು ದೊಡ್ಡದೆಂದು ಇದರಿಂದ ಊಹಿಸಬಹುದು.

ಅವರ ಮೊದಲ ದೊಡ್ಡ ಗಿರಾಕಿಗಳು ಪೈಲಟ್‌ಗಳು, ಅಂದರೆ ಬಂದರಿಗೆ ಬರುವ ಹಡಗುಗಳನ್ನು ಬಂಡೆಗಳ ನಡುವೆ ದಾರಿ ತೋರಿಸಿ ಕರೆತರುವ ನಾವಿಕರು. ನಾರ್ವೆಯ ಕರಾವಳಿ ಬಂಡೆಗಳ ಸಂತೆ. ಹಡಗನ್ನು ಮೊದಲು ತಲುಪಿದ ಪೈಲಟ್‌ನಿಗೆ ಕೂಲಿ, ಎರಡನೆಯವನಿಗೆ ಏನೂ ಇಲ್ಲ. ಹೀಗಾಗಿ ಬಿರುಗಾಳಿಯಿರಲಿ, ಹಿಮವಿರಲಿ, ಅವರು ದೂರದೂರಕ್ಕೆ ಹೋಗಿ ಕಾಯುತ್ತಿದ್ದರು. ಅವರ ದೋಣಿಗಳಾದರೋ ಹಲಗೆಯ ಮೇಲೆ ಹಲಗೆ ಜೋಡಿಸಿದ, ಮೇಲೆ ಪೂರ್ತಿ ಮುಚ್ಚದ ದೋಣಿಗಳು. ಸಮತೋಲಕ್ಕೆ ತಳದಲ್ಲಿ ಕಲ್ಲು ಹೇರುತ್ತಿದ್ದರು. ದೊಡ್ಡ ಅಲೆಯೊಂದು ಒಳನುಗ್ಗಿದರೆ, ದೋಣಿ ವಾಲಿ ಕಲ್ಲು ಒಂದು ಬದಿಗೆ ಜಾರಿದರೆ ಅಲ್ಲಿಗೆ ಮುಗಿಯಿತು. ಒಂದೊಂದು ಚಳಿಗಾಲವೂ ಕೆಲವು ಮನೆಗಳ ದೀಪವನ್ನು ಆರಿಸುತ್ತಿತ್ತು.

ಆರ್ಚರ್ ಮಾಡಿದ ಬದಲಾವಣೆಗಳು ಕೇಳಲು ಸರಳ. ದೋಣಿಗೆ ಪೂರ್ತಿ ಅಟ್ಟ ಹೊದಿಸಿದರು. ಹಲಗೆಗಳನ್ನು ಒಂದರ ಪಕ್ಕ ಒಂದನ್ನು ನುಣುಪಾಗಿ ಕೂಡಿಸಿದರು. ಒಳಗಿನ ಕಲ್ಲಿನ ಭಾರದ ಬಹುಪಾಲನ್ನು ತೆಗೆದು, ದೋಣಿಯ ಅಡಿಮರದ ಕೆಳಗೆ, ಹೊರಗಡೆ, ಕಬ್ಬಿಣದ ತೊಲೆಯಾಗಿ ಬಿಗಿದರು. ಭಾರ ಕೆಳಗಿದ್ದಷ್ಟೂ ದೋಣಿ ಮಗುಚಿಕೊಳ್ಳುವುದು ಕಷ್ಟ. ಬಿಗಿದ ಭಾರ ಜಾರುವುದಿಲ್ಲ. ಎರಡೂ ತುದಿ ಚೂಪಾಗಿರುವ ಆಕಾರ ಮಾತ್ರ ಅವರ ಕಲ್ಪನೆಯಲ್ಲ. ಅದು ವೈಕಿಂಗ್ ಕಾಲದಿಂದ ನಾರ್ವೆಯ ಮೀನುಗಾರರು ಕೈಯಿಂದ ಕೈಗೆ ದಾಟಿಸಿಕೊಂಡು ಬಂದ ಆಸ್ತಿ. ಇಂದು ಎರಡು ತುದಿ ಚೂಪಾಗಿರುವ ಯಾವ ದೋಣಿಯನ್ನು ಕಂಡರೂ ಕಾಲಿನ್ ಆರ್ಚರ್ ಎಂದು ಕರೆದುಬಿಡುವ ದಳ್ಳಾಳಿಗಳು ಇದನ್ನು ನೆನಪಿಡಬೇಕು.

ಹೊಸ ದೋಣಿಯನ್ನು ಪೈಲಟ್‌ಗಳು ಕೂಡಲೇ ಅಪ್ಪಿಕೊಂಡರೆಂದು ತಿಳಿಯಬಾರದು. ಅಪ್ಪನ ಕಾಲದ ದೋಣಿಯನ್ನು ಬಿಟ್ಟು, ಪುಸ್ತಕ ಓದಿ ಕಲಿತವನ ದೋಣಿಯನ್ನು ನಂಬಲು ಅವರಿಗೆ ಹಲವು ವರ್ಷಗಳು ಬೇಕಾದವು. ನಂಬಿಕೆ ತಂದದ್ದು ಉಪನ್ಯಾಸವಲ್ಲ. ಬಿರುಗಾಳಿಯ ದಿನ ಹೊಸ ದೋಣಿಗಳು ಮರಳಿ ಬರುತ್ತಿದ್ದವು, ಅಷ್ಟೆ.

ಪೈಲಟ್ ದೋಣಿಯ ಇನ್ನೊಂದು ಗುಣವನ್ನು ಇಲ್ಲಿ ಹೇಳಲೇಬೇಕು. ಪೈಲಟ್ ದೊಡ್ಡ ಹಡಗನ್ನು ಹತ್ತಿಕೊಂಡ ಮೇಲೆ ದೋಣಿಯಲ್ಲಿ ಉಳಿಯುವವನು ಒಬ್ಬ ಸಹಾಯಕ ಮಾತ್ರ, ಹಲವು ವೇಳೆ ಮೀಸೆ ಮೂಡದ ಹುಡುಗ. ಅವನು ಒಬ್ಬನೇ ಆ ದೋಣಿಯನ್ನು ಅದೇ ಕಡಲಿನಲ್ಲಿ ಮನೆಗೆ ತರಬೇಕು. ಅದಕ್ಕಾಗಿ ದೋಣಿ ಚುಕ್ಕಾಣಿಯ ಮೇಲೆ ಹೆಚ್ಚು ಒತ್ತಡ ಹೇರದೆ ತನ್ನ ದಾರಿಯನ್ನು ತಾನೇ ಹಿಡಿದು ಹೋಗುವಂತಿರಬೇಕು. ಉದ್ದನೆಯ ಅಡಿಮರ, ಎರಡೂ ತುದಿಗಳ ಸಮತೂಕ ಇದಕ್ಕೆಂದೇ. ಮುಂದಿನ ಶತಮಾನದಲ್ಲಿ ಏಕಾಂಗಿಯಾಗಿ ಜಗತ್ತನ್ನು ಸುತ್ತ ಹೊರಟವರು ಈ ದೋಣಿಯನ್ನು ಹುಡುಕಿಕೊಂಡು ಬಂದರೆ ಅದರಲ್ಲಿ ಅಚ್ಚರಿಯೇನಿದೆ?

ಹಿಮಕ್ಕೆ ಸಿಕ್ಕದ ಹಡಗು

1890ರ ಹೊತ್ತಿಗೆ ಆರ್ಚರ್ ಹೆಸರು ನಾರ್ವೆಯ ಕರಾವಳಿಯುದ್ದಕ್ಕೂ ಹಬ್ಬಿತ್ತು. ಆಗ ಅವರನ್ನು ಹುಡುಕಿಕೊಂಡು ಬಂದವರು ಫ್ರಿಡ್ಯೋಫ್ ನಾನ್ಸೆನ್. ಈ ತರುಣ ವಿಜ್ಞಾನಿಯ ತಲೆಯಲ್ಲಿ ವಿಚಿತ್ರವಾದೊಂದು ಯೋಜನೆಯಿತ್ತು. ‘ಜೀನೆಟ್’ ಎಂಬ ಅಮೆರಿಕದ ಹಡಗು 1881ರಲ್ಲಿ ಸೈಬೀರಿಯಾದ ಉತ್ತರಕ್ಕೆ ಹಿಮದಲ್ಲಿ ನಜ್ಜುಗುಜ್ಜಾಗಿತ್ತು. ಅದರ ಅವಶೇಷಗಳು ಮೂರು ವರ್ಷಗಳ ನಂತರ ಗ್ರೀನ್‌ಲ್ಯಾಂಡಿನ ತೀರದಲ್ಲಿ ಸಿಕ್ಕವು. ಹಾಗಾದರೆ ಧ್ರುವದ ಹಿಮವೆಲ್ಲ ನಿಧಾನವಾಗಿ ಹರಿಯುತ್ತಿದೆ. ಹಡಗೊಂದನ್ನು ಬೇಕೆಂದೇ ಹಿಮದಲ್ಲಿ ಸಿಕ್ಕಿಸಿದರೆ ಅದು ಧ್ರುವದ ಬಳಿಯಿಂದ ತೇಲಿಬರುತ್ತದೆ ಎಂಬುದು ನಾನ್ಸೆನ್ ಲೆಕ್ಕ. ಹಲವು ಹಿರಿಯ ಧ್ರುವಶೋಧಕರು ಇದನ್ನು ಆತ್ಮಹತ್ಯೆ ಎಂದೇ ಬಗೆದರು. ಹಿಮದ ಹಿಡಿತದಿಂದ ಯಾವ ಹಡಗು ಉಳಿದೀತು?

ಆರ್ಚರ್ ಅವರ ಉತ್ತರ ಹಡಗಿನ ಆಕಾರದಲ್ಲಿತ್ತು. ಹಿಮದೊಡನೆ ಸೆಣಸುವ ಬದಲು ಅದರಿಂದ ಜಾರಿಕೊಳ್ಳುವ ಹಡಗು. ನೆನೆಸಿದ ಅವರೆಕಾಳನ್ನು ಬೆರಳ ನಡುವೆ ಹಿಚುಕಿದರೆ ಅದು ಚಿಮ್ಮುವುದಿಲ್ಲವೇ, ಹಾಗೆ. ಬದಿಗಳು ದುಂಡಗೆ, ಅಡಿಮರ ಹೊರಚಾಚದಂತೆ, ಹಿಮಕ್ಕೆ ಹಿಡಿಯಲು ಎಲ್ಲಿಯೂ ಮೂಲೆಯಿಲ್ಲದಂತೆ ಹಡಗನ್ನು ರೂಪಿಸಿದರು. ಚುಕ್ಕಾಣಿಯನ್ನೂ ಚಾಲಕ ರೆಕ್ಕೆಯನ್ನೂ ಬಾವಿಯಂಥ ಕೊಳವೆಯ ಮೂಲಕ ಮೇಲಕ್ಕೆಳೆದುಕೊಳ್ಳಬಹುದಿತ್ತು. ಹಡಗಿನ ಉದ್ದ ಸುಮಾರು 39 ಮೀಟರ್, ಅಗಲ 11 ಮೀಟರ್. ಉದ್ದಕ್ಕೆ ಹೋಲಿಸಿದರೆ ಅದು ಡೊಳ್ಳುಹೊಟ್ಟೆ. ಪಕ್ಕೆಲುಬುಗಳಿಗೆ ನೌಕಾಪಡೆಯ ದಾಸ್ತಾನಿನಲ್ಲಿ ದಶಕಗಳ ಕಾಲ ಒಣಗಿದ್ದ ಓಕ್ ಮರ. ಅದರ ಮೇಲೆ ಪದರ ಪದರವಾಗಿ ಹಲಗೆ. ಹೊರಗಿನ ಕವಚಕ್ಕೆ ಗ್ರೀನ್‌ಹಾರ್ಟ್ ಎಂಬ ಕಬ್ಬಿಣದಂಥ ಮರ. ಬದಿಗಳ ಒಟ್ಟು ದಪ್ಪ ಎಪ್ಪತ್ತು ಸೆಂಟಿಮೀಟರನ್ನೂ ಮೀರಿತ್ತು. ವಿದ್ಯುದ್ದೀಪಕ್ಕೆ ಗಾಳಿಯಂತ್ರವೂ ಇತ್ತು.

1892ರ ಅಕ್ಟೋಬರ್ 26ರಂದು ಲಾರ್ವಿಕ್‌ನಲ್ಲಿ ಹಡಗು ನೀರಿಗಿಳಿಯಿತು. ನಾನ್ಸೆನ್ ಅವರ ಪತ್ನಿ ಇವಾ ಅದಕ್ಕೆ ‘ಫ್ರಾಮ್’, ಅಂದರೆ ‘ಮುಂದಕ್ಕೆ’ ಎಂದು ಹೆಸರಿಟ್ಟರು. 1893ರ ಜೂನ್‌ನಲ್ಲಿ ಹೊರಟ ಹಡಗು ಆ ಶರತ್ಕಾಲದಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತು. ಮುಂದಿನ ಮೂರು ವರ್ಷಗಳ ಬಹುಭಾಗ ಆರ್ಚರ್ ಅವರಿಗೆ ತಮ್ಮ ಲೆಕ್ಕ ಸರಿಯಾಯಿತೋ ಇಲ್ಲವೋ ಎಂಬುದೇ ತಿಳಿಯುವಂತಿರಲಿಲ್ಲ. ತಂತಿಯಿಲ್ಲ, ಪತ್ರವಿಲ್ಲ. ಹದಿಮೂರು ಜನರ ಪ್ರಾಣ ಅವರ ಪೆನ್ಸಿಲ್ ಗೆರೆಯ ಮೇಲೆ ನಿಂತಿತ್ತು. 1895ರ ಜನವರಿಯಲ್ಲಿ ಹಿಮದ ದಿಬ್ಬಗಳು ಹಡಗಿನ ಮೇಲೆಯೇ ಏರಿ ಬಂದಾಗ ಒಳಗಿದ್ದವರು ಹೊರಡಲು ಗಂಟುಮೂಟೆ ಕಟ್ಟಿದ್ದರು. ಹಡಗು ಮಾತ್ರ ಕೊಂಚ ಕೊಂಚವೇ ಮೇಲೆದ್ದು ಹಿಡಿತದಿಂದ ಬಿಡಿಸಿಕೊಂಡಿತು. 1896ರ ಆಗಸ್ಟ್‌ನಲ್ಲಿ ಅದು ಹಿಮದಿಂದ ಹೊರಬಂದಾಗ ಒಂದು ಪ್ರಾಣವೂ ಹೋಗಿರಲಿಲ್ಲ. ಧ್ರುವದತ್ತ ನಡೆದುಹೋಗಿದ್ದ ನಾನ್ಸೆನ್ ಮತ್ತು ಅವರ ಜೊತೆಗಾರ ಯೋಹಾನ್ಸೆನ್ ಕೂಡ ಬದುಕಿ ಬಂದರು. ಮುಂದೆ ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ ಹೊರಟದ್ದೂ ಇದೇ ಹಡಗಿನಲ್ಲಿ. 1936ರಿಂದ ಅದು ಓಸ್ಲೋ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಆ ದುಂಡು ಹೊಟ್ಟೆ ತೆರೆದ ಸಮುದ್ರದಲ್ಲಿ ತೊಟ್ಟಿಲಿನಂತೆ ಹೊಯ್ದಾಡುತ್ತಿತ್ತು, ಒಳಗಿದ್ದವರ ಹೊಟ್ಟೆ ತೊಳಸುತ್ತಿತ್ತು. ಎಲ್ಲಕ್ಕೂ ಒಪ್ಪುವ ದೋಣಿಯೊಂದಿಲ್ಲ ಎಂಬುದು ಆರ್ಚರ್ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಮ್‌ನಿಂಗ್‌ಬರ್ಗ್‌ನ ಆ ದಿನ

ಲೋಕ ಆರ್ಚರ್ ಅವರನ್ನು ‘ಫ್ರಾಮ್’ ಕಾರಣಕ್ಕೆ ನೆನೆಯುತ್ತದೆ. ನಾರ್ವೆಯ ಮೀನುಗಾರರು ನೆನೆಯುವುದು ಮತ್ತೊಂದು ಕಾರಣಕ್ಕೆ. ಉತ್ತರದ ಲೋಫೋಟನ್, ಫಿನ್‌ಮಾರ್ಕ್ ಕಡಲುಗಳಲ್ಲಿ ಚಳಿಗಾಲದ ಮೀನುಗಾರಿಕೆಗೆ ಸಾವಿರಾರು ತೆರೆದ ದೋಣಿಗಳು ಇಳಿಯುತ್ತಿದ್ದವು. ಗಾಳಿ ಎದ್ದಾಗ ಅವುಗಳ ಗತಿ ದೇವರಿಗೇ ಪ್ರೀತಿ. ಇಂಗ್ಲೆಂಡಿನಲ್ಲಿದ್ದಂತೆ ದಡದಿಂದ ಹುಟ್ಟು ಹಾಕಿಕೊಂಡು ಹೋಗುವ ರಕ್ಷಣಾ ದೋಣಿ ಅಷ್ಟು ಉದ್ದದ, ಅಷ್ಟು ವಿರಳ ಜನವಸತಿಯ ಕರಾವಳಿಗೆ ಸಾಲುತ್ತಿರಲಿಲ್ಲ. 1891ರಲ್ಲಿ ಸ್ಥಾಪನೆಯಾದ ನಾರ್ವೆಯ ಕಡಲ ರಕ್ಷಣಾ ಸಂಘ ಬೇರೆ ದಾರಿ ಹಿಡಿಯಿತು. ಮೀನುಗಾರರ ದೋಣಿಗಳ ಜೊತೆಗೇ ಕಡಲಿನಲ್ಲಿರುವ, ಎಲ್ಲರೂ ದಡಕ್ಕೆ ಓಡುವಾಗ ಕಡಲಿಗೆ ಹೋಗುವ, ಬಿರುಗಾಳಿಯಲ್ಲಿ ಇತರ ದೋಣಿಗಳನ್ನು ಹಾಯಿಯ ಬಲದಿಂದಲೇ ಎಳೆದು ತರಬಲ್ಲ ನೌಕೆ ಅದಕ್ಕೆ ಬೇಕಿತ್ತು. ವಿನ್ಯಾಸಕ್ಕೆ ಸ್ಪರ್ಧೆ ನಡೆಯಿತು. ಬಂದ ವಿನ್ಯಾಸಗಳಾವುವೂ ಪೂರ್ತಿ ಒಪ್ಪಿಗೆಯಾಗದೆ ಕೆಲಸ ಕೊನೆಗೆ ಆರ್ಚರ್ ಮೇಜಿಗೆ ಬಂತು.

ಅವರು ಹೊಸದೇನನ್ನೂ ಕಂಡುಹಿಡಿಯಲು ಹೋಗಲಿಲ್ಲ. ಇಪ್ಪತ್ತು ವರ್ಷ ತಿದ್ದಿದ ಪೈಲಟ್ ದೋಣಿಯನ್ನೇ ಹಿಗ್ಗಿಸಿದರು, ಬಲಪಡಿಸಿದರು. ಉದ್ದ ಸುಮಾರು 14 ಮೀಟರ್, ಅಗಲ ನಾಲ್ಕೂವರೆ ಮೀಟರಿಗೂ ಮಿಕ್ಕಿ, ನೀರಿನಡಿಯ ಆಳ ಎರಡು ಮೀಟರಿಗೂ ಹೆಚ್ಚು. ಅಡಿಯಲ್ಲಿ ಕಬ್ಬಿಣದ ತೊಲೆ. ಅಲೆಯ ನೀರು ತಾನಾಗಿ ಹರಿದುಹೋಗುವ ಕುಳಿ. 1893ರಲ್ಲಿ ಸಿದ್ಧವಾದ ಈ ನೌಕೆಗೆ ಸಂಘ ಅದರ ಶಿಲ್ಪಿಯ ಹೆಸರನ್ನೇ ಇಟ್ಟಿತು. ದಾಖಲೆಯಲ್ಲಿ ಅದು ಆರ್‌ಎಸ್ 1.

1894ರ ಮೇ 20ರಂದು ಫಿನ್‌ಮಾರ್ಕ್‌ನ ಹಾಮ್‌ನಿಂಗ್‌ಬರ್ಗ್ ಎಂಬ ಮೀನುಗಾರರ ಹಳ್ಳಿಯ ಮುಂದೆ ಭೀಕರ ಬಿರುಗಾಳಿ ಎದ್ದಿತು. ಅಲ್ಲಿನ ಬಂದರು ಗಾಳಿಗೆ ತೆರೆದುಕೊಂಡದ್ದು. ಲಂಗರು ಹಾಕಿದ್ದ ದೋಣಿಗಳಿಂದ ದಡಕ್ಕೂ ಹೋಗುವಂತಿಲ್ಲ, ಕಡಲಿಗೂ ಹೋಗುವಂತಿಲ್ಲ. ದಡದಲ್ಲಿ ನಿಂತ ಹೆಂಗಸರು ಮಕ್ಕಳ ಕಣ್ಣೆದುರಿಗೇ ಸಾವು ಆಟವಾಡುತ್ತಿತ್ತು. ಕಪ್ತಾನ ನಿಕೊಲಾಯ್ ಆಂಥೋನಿಸೆನ್ ಹಾಗೂ ಅವರ ಮೂರು ನಾಲ್ಕು ಸಂಗಡಿಗರು ಆ ನೌಕೆಯನ್ನು ಒಡೆಯುವ ಅಲೆಗಳ ನಡುವೆ ತಂದು ಜನರನ್ನು ಹತ್ತಿಸಿಕೊಂಡರು. ಅವರನ್ನು ವಾರ್ಡೊ ಬಂದರಿನಲ್ಲಿ ಇಳಿಸಿ, ಅದೇ ಗಾಳಿಯಲ್ಲಿ ಮತ್ತೆ ಹಿಂದಿರುಗಿ ಉಳಿದವರನ್ನು ತಂದರು. ಎರಡು ಸಲಕ್ಕೆ ಉಳಿದ ಜೀವಗಳು ಮೂವತ್ತಾರು. ಸಂಘದ ಕೆಲಸದ ಬಗ್ಗೆ, ಈ ನೌಕೆಯ ಬಗ್ಗೆ ಇದ್ದ ಅನುಮಾನಗಳೆಲ್ಲ ಅಂದೇ ಕೊಚ್ಚಿಹೋದವು. ನಾಲ್ಕು ದಶಕಗಳ ಸೇವೆಯಲ್ಲಿ ಈ ಒಂದು ನೌಕೆ ಉಳಿಸಿದ ಜೀವಗಳು ಇನ್ನೂರಕ್ಕೂ ಹೆಚ್ಚು.

ನಂತರ ಇದೇ ಮಾದರಿಯಲ್ಲಿ ಒಂದರ ಮೇಲೊಂದು ರಕ್ಷಣಾ ನೌಕೆಗಳು ತಯಾರಾದವು, ಕೆಲವು ಆರ್ಚರ್ ಅವರ ಕಟ್ಟೆಯಲ್ಲಿ, ಕೆಲವು ಬೇರೆಯವರ ಕೈಯಲ್ಲಿ. ಎಪ್ಪತ್ತರ ವಯಸ್ಸು ದಾಟಿದ ಮೇಲೂ ಆರ್ಚರ್ ಉಳಿಯ ಸದ್ದಿನಿಂದ ದೂರ ಸರಿಯಲಿಲ್ಲ. 1905ರಲ್ಲಿ ಅವರು ಕಟ್ಟಿದ ‘ಅಸ್ಗಾರ್ಡ್’ ಎಂಬ ವಿಹಾರ ನೌಕೆ ಲೇಖಕ ಅರ್ಸ್ಕಿನ್ ಚಿಲ್ಡರ್ಸ್ ದಂಪತಿಗೆ ಮಾವನ ಮನೆಯವರು ಕೊಟ್ಟ ಮದುವೆಯ ಉಡುಗೊರೆ. 1914ರ ಜುಲೈ 26ರಂದು ಅದೇ ನೌಕೆ ಒಳಗಿನ ಆಸನಗಳನ್ನೆಲ್ಲ ಕಿತ್ತು 900 ಬಂದೂಕುಗಳನ್ನು ಹೇರಿಕೊಂಡು ಐರ್ಲೆಂಡಿನ ಹೌತ್ ಬಂದರನ್ನು ತಲುಪಿತು. ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಅದೊಂದು ಮುಖ್ಯ ದಿನ. ಲಾರ್ವಿಕ್‌ನ ಮುದುಕ ಶಿಲ್ಪಿ ಇಂಥದ್ದಕ್ಕೆಂದು ಅದನ್ನು ಕಟ್ಟಿರಲಿಕ್ಕಿಲ್ಲ. ಆದರೆ ಅಳತೆ ಮೀರಿ ಭಾರ ಹೇರಿದರೂ ಬಿರುಗಾಳಿಯಲ್ಲಿ ಅದು ಕೈಕೊಡಲಿಲ್ಲ. ಆ ನೌಕೆ ಈಗ ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಸುಮಾರು ಇನ್ನೂರು ದೋಣಿ, ಹಡಗುಗಳನ್ನು ಕಟ್ಟಿದ ಆರ್ಚರ್ 1921ರ ಫೆಬ್ರುವರಿ 8ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ ಲಾರ್ವಿಕ್‌ನಲ್ಲಿ ನಿಧನರಾದರು.

ಕೈ ಬದಲಿಸಿದ ದೋಣಿಗಳು

ಅವರ ದೋಣಿಗಳ ಎರಡನೆಯ ಜನ್ಮ ಶುರುವಾದದ್ದು ಅಲ್ಲಿಂದ ಮುಂದೆ. ಎಂಜಿನ್ ಬಂತು, ಪೈಲಟ್‌ಗಳಿಗೂ ರಕ್ಷಣಾ ಸಂಘಕ್ಕೂ ಹಾಯಿದೋಣಿ ಬೇಡವಾಯಿತು. ಹಳೆಯ ದೋಣಿಗಳು ಅಗ್ಗದ ಬೆಲೆಗೆ ಮಾರಾಟವಾದವು. ಕೊಂಡವರು ಬಹುತೇಕ ಕನಸುಗಾರರು. ನಾರ್ವೆಯ ಲೇಖಕ ಅರ್ಲಿಂಗ್ ಟಾಂಬ್ಸ್ 1890ರ ಪೈಲಟ್ ದೋಣಿ ‘ಟೆಡ್ಡಿ’ಯಲ್ಲಿ ನವವಧುವಿನೊಡನೆ 1928ರಲ್ಲಿ ಹೊರಟರು. ಅಟ್ಲಾಂಟಿಕ್, ಶಾಂತ ಸಾಗರಗಳನ್ನು ದಾಟುವಷ್ಟರಲ್ಲಿ ದೋಣಿಯಲ್ಲಿ ಸಂಸಾರವೂ ಬೆಳೆಯಿತು. 1931ರಲ್ಲಿ ಆ ಮುದಿ ದೋಣಿ ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ನಡೆದ ಪಂದ್ಯವನ್ನೂ ಗೆದ್ದಿತು. ಮರುವರ್ಷ, ಗಾಳಿ ಸತ್ತ ವೇಳೆಯಲ್ಲಿ ನೀರಿನ ಸೆಳೆತಕ್ಕೆ ಸಿಕ್ಕಿ ನ್ಯೂಜಿಲೆಂಡಿನ ಬಂಡೆಗಳಿಗೆ ಬಡಿದು ಚೂರಾಯಿತು. ಬಿರುಗಾಳಿಗೆ ಹೆದರದ ದೋಣಿಯ ದೌರ್ಬಲ್ಯವೇ ಅದು: ಗಾಳಿಯಿಲ್ಲದಾಗ ಅದಕ್ಕೆ ಕೈಕಾಲು ಆಡುವುದಿಲ್ಲ.

ಟಾಂಬ್ಸ್ ಬುದ್ಧಿ ಕಲಿಯಲಿಲ್ಲ. ನಿವೃತ್ತ ರಕ್ಷಣಾ ನೌಕೆ ‘ಸಾಂಡೆಫ್ಯೋರ್ಡ್’ ಅನ್ನು ಕೊಂಡು ಮತ್ತೆ ಹೊರಟರು. 1935ರಲ್ಲಿ ಅಟ್ಲಾಂಟಿಕ್‌ನಲ್ಲಿ ರಾಕ್ಷಸ ಅಲೆಯೊಂದು ಆ ನೌಕೆಯನ್ನು ಹಿಂದಿನಿಂದ ಎತ್ತಿ ಮೂತಿಯ ಮೇಲೆ ಪಲ್ಟಿ ಹೊಡೆಸಿತು. ಒಬ್ಬ ನಾವಿಕ ಕಡಲುಪಾಲಾದ. ನೌಕೆ ಮತ್ತೆ ಎದ್ದು ನಿಂತು ಕೇಪ್‌ಟೌನ್ ಸೇರಿತು. ಇದಕ್ಕೂ ಮೊದಲು, 1924ರಲ್ಲಿ, ಅಮೆರಿಕದ ಪತ್ರಕರ್ತ ವಿಲಿಯಂ ನಟಿಂಗ್ ನಾರ್ವೆಯಲ್ಲಿ ಕೊಂಡ ದೋಣಿಯೊಂದರಲ್ಲಿ ಗ್ರೀನ್‌ಲ್ಯಾಂಡಿನಿಂದ ಹೊರಟವರು ಸಂಗಡಿಗರ ಸಮೇತ ಕಣ್ಮರೆಯಾದರು. ಮುಳುಗದ ದೋಣಿ ಎಂಬ ಮಾತನ್ನು ಮಾರಾಟಗಾರರು ಆಡಬಹುದು. ಆರ್ಚರ್ ಅವರ ದೋಣಿಗಳ ಚರಿತ್ರೆ ಅದನ್ನು ಒಪ್ಪುವುದಿಲ್ಲ. ಅವರೇ ಕಟ್ಟಿದ 1897ರ ‘ವಿವರ್ನ್’ ಕೂಡ 2013ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿತು. ಅದನ್ನು ಮೇಲೆತ್ತಿ ದುರಸ್ತಿ ಮಾಡಲಾಯಿತು.

ನಟಿಂಗ್ ಕಣ್ಮರೆಯಾಗುವ ಮುನ್ನ ಒಂದು ಬೀಜ ಬಿತ್ತಿದ್ದರು. ಆರ್ಚರ್ ಅವರ ರಕ್ಷಣಾ ನೌಕೆಯ ನಕ್ಷೆಯನ್ನು 32 ಅಡಿಗೆ ಇಳಿಸಿ ಸಣ್ಣ ದೋಣಿ ಮಾಡಿಕೊಡುವಂತೆ ವಿಲಿಯಂ ಆಟ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರನ್ನು ಒಪ್ಪಿಸಿದ್ದರು. ‘ಎರಿಕ್’ ಎಂಬ ಆ ನಕ್ಷೆ ಕೈಯಿಂದ ಕೈಗೆ ಸಾಗಿ 1960ರ ದಶಕದಲ್ಲಿ ಮುಂಬಯಿಗೆ ಬಂತು. ತಂದವರು ಹಡಗು ಕಂಪನಿಯೊಂದರ ತರುಣ ಅಧಿಕಾರಿ ರಾಬಿನ್ ನಾಕ್ಸ್-ಜಾನ್‌ಸ್ಟನ್. ನಿಜಕ್ಕೂ ಅವರಿಗೆ ಬೇಕಾಗಿದ್ದದ್ದು ಹೊಸ ಮಾದರಿಯ ನಕ್ಷೆ. ಅಂಚೆಯಲ್ಲಿ ಬಂದದ್ದು ಇದು. ಬದಲಿಸಲು ಸಮಯವಿರಲಿಲ್ಲ. ಮುಂಬಯಿಯ ಬಡಗಿಗಳು ಬಾಚಿ, ಉಳಿ, ಕೈಬೈರಿಗೆಗಳಿಂದ ತೇಗದ ಮರದಲ್ಲಿ ಆ ದೋಣಿಯನ್ನು ಕಟ್ಟಿದರು. 1964ರ ಡಿಸೆಂಬರ್‌ನಲ್ಲಿ ತೆಂಗಿನಕಾಯಿ ಒಡೆದು ನೀರಿಗಿಳಿಸಿದರು. ಹೆಸರು ‘ಸುಹೈಲಿ’.

1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ‘ಸುಹೈಲಿ’ ಹೊರಟಿತು. ಎಲ್ಲೂ ನಿಲ್ಲದೆ, ಒಬ್ಬನೇ ಜಗತ್ತನ್ನು ಸುತ್ತುವ ಮೊದಲ ಪಂದ್ಯ ಅದು. ಹೊರಟ ಒಂಬತ್ತು ಮಂದಿಯಲ್ಲಿ ಹೆಚ್ಚಿನವರ ದೋಣಿಗಳು ಇದಕ್ಕಿಂತ ಹೊಸವು ಇಲ್ಲವೇ ವೇಗದವು. ದಾರಿಯಲ್ಲಿ ‘ಸುಹೈಲಿ’ಯ ಕುಡಿಯುವ ನೀರು ಕೆಟ್ಟಿತು, ರೇಡಿಯೊ ಕೆಟ್ಟಿತು, ತಾನಾಗಿ ಚುಕ್ಕಾಣಿ ಹಿಡಿಯುವ ಸಾಧನ ಮುರಿಯಿತು. ಆಗಲೇ ಆರ್ಚರ್ ಅವರ ಹಳೆಯ ಗುಣ ಕೆಲಸಕ್ಕೆ ಬಂದದ್ದು. ಹಾಯಿಗಳನ್ನು ಹೊಂದಿಸಿಟ್ಟರೆ ದೋಣಿ ತನ್ನ ದಾರಿಯನ್ನು ತಾನೇ ಹಿಡಿದು ಹೋಗುತ್ತಿತ್ತು, ಆ ಪೈಲಟ್‌ನ ಹುಡುಗನನ್ನು ಮನೆಗೆ ತಂದ ಹಾಗೆ. 312 ದಿನಗಳ ನಂತರ, 1969ರ ಏಪ್ರಿಲ್ 22ರಂದು ಅದು ಫಾಲ್ಮತ್‌ಗೆ ಮರಳಿತು. ಪಂದ್ಯ ಮುಗಿಸಿದ್ದು ಅದೊಂದೇ.

ಆ ಬಳಿಕ ಕಾಲಿನ್ ಆರ್ಚರ್ ಎಂಬುದು ಮಾರುಕಟ್ಟೆಯ ಹೆಸರಾಯಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ವಂಶದ ‘ವೆಸ್ಟ್‌ಸೈಲ್ 32’ ಎಂಬ ಫೈಬರ್ ದೋಣಿಗಳನ್ನು ಅಚ್ಚಿನಲ್ಲಿ ಎರಕ ಹೊಯ್ದಂತೆ ನೂರಾರು ಸಂಖ್ಯೆಯಲ್ಲಿ ತಯಾರಿಸಿದರು. 1991ರ ಅಟ್ಲಾಂಟಿಕ್ ಮಹಾಬಿರುಗಾಳಿಯಲ್ಲಿ ಅವುಗಳಲ್ಲೊಂದನ್ನು, ‘ಸತೋರಿ’ಯನ್ನು, ಬಿಟ್ಟು ಜನ ಹೆಲಿಕಾಪ್ಟರ್ ಏರಿದರು. ಯಾರೂ ಇಲ್ಲದ ದೋಣಿ ಕೆಲವು ದಿನಗಳ ನಂತರ ಮರಳ ದಂಡೆಯೊಂದರಲ್ಲಿ ಮುಕ್ಕಾಗದೆ ಸಿಕ್ಕಿತು. ಈ ಕಥೆ ಹಳೆಯ ವೆಸ್ಟ್‌ಸೈಲ್‌ಗಳ ಬೆಲೆಯನ್ನು ಏರಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಹಳೆಯ ದೋಣಿ ಕೊಳ್ಳುವವರು ಕಥೆಯನ್ನು ಕೊಳ್ಳಬಾರದು. ಆರ್ಚರ್ ಸ್ವತಃ ಕಟ್ಟಿದ ದೋಣಿಗಳ ನೀರಿನಡಿಯ ಗೆರೆಗಳು ಸಪೂರವಾಗಿದ್ದವು, ಬಾಗಿನಲ್ಲಿ ಒಂದು ಹದವಿತ್ತು. ಅವರ ಹೆಸರಿನಲ್ಲಿ ಬಂದ ಅನೇಕ ಅನುಕರಣೆಗಳಿಗೆ ಹೊಟ್ಟೆ ಮಾತ್ರ ಬಂತು, ಹದ ಬರಲಿಲ್ಲ. ಮರದ ದೋಣಿಯಾದರೆ ಇನ್ನೊಂದು ಎಚ್ಚರ ಬೇಕು. ಹೊರಗಿನ ಬಣ್ಣ ಸುಳ್ಳು ಹೇಳುತ್ತದೆ. ಹಲಗೆಯ ಹಿಂದಿನ ಪಕ್ಕೆಲುಬು, ಕಬ್ಬಿಣದ ತೊಲೆಯನ್ನು ಹಿಡಿದಿರುವ ಬೋಲ್ಟುಗಳು, ಮಳೆನೀರು ಇಳಿಯುವ ಅಟ್ಟದ ಅಂಚು ಇವು ನಿಜ ಹೇಳುತ್ತವೆ. ಉಪ್ಪುನೀರಿಗಿಂತ ಸಿಹಿನೀರೇ ಮರದ ದೊಡ್ಡ ಶತ್ರು.

2018ರಲ್ಲಿ, ‘ಸುಹೈಲಿ’ಯ ಯಾತ್ರೆಗೆ ಐವತ್ತು ವರ್ಷ ತುಂಬಿದಾಗ, ಹಳೆಯ ಕಾಲದ ಸಾಧನಗಳನ್ನೇ ಬಳಸಿ ಅದೇ ಪಂದ್ಯವನ್ನು ಮತ್ತೆ ನಡೆಸಿದರು. ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅದಕ್ಕಾಗಿ ‘ಸುಹೈಲಿ’ಯ ಪ್ರತಿರೂಪವನ್ನು ಗೋವಾದಲ್ಲಿ ಕಟ್ಟಿಸಿಕೊಂಡರು. ಹೆಸರು ‘ತುರಿಯ’. ಸೆಪ್ಟೆಂಬರ್‌ನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿತು, ಕೂವೆಮರ ಮುರಿಯಿತು, ಅಭಿಲಾಷ್ ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ಏಳಲಾಗದೆ ಮಲಗಿದ್ದ ಅವರನ್ನು ಹೊತ್ತುಕೊಂಡು ದೋಣಿ ತೇಲುತ್ತಲೇ ಇತ್ತು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗೊಂದು ಬಂದು ಅವರನ್ನು ರಕ್ಷಿಸಿತು.

ಮೊದಲ ರಕ್ಷಣಾ ನೌಕೆಯ ಕಥೆಯೂ ಇದೆ. 1933ರಲ್ಲಿ ನಿವೃತ್ತವಾಗಿ ಮಾರಾಟವಾದ ಆರ್‌ಎಸ್ 1 ಹಲವು ಕೈ ಬದಲಿಸಿ, ಅಟ್ಲಾಂಟಿಕ್ ದಾಟಿ, 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಜೀರ್ಣಾವಸ್ಥೆಯಲ್ಲಿ ಪತ್ತೆಯಾಯಿತು. ನಾರ್ವೆಯವರು ಅದನ್ನು ಊರಿಗೆ ತಂದರು, ಕೊಳೆತ ಮರವನ್ನು ಬದಲಿಸಿ ಮೊದಲಿನಂತೆ ಮಾಡಿದರು. 1901ರ ಅದರ ತಂಗಿ ‘ಸ್ಟಾವಾಂಗರ್’ 1938ರ ನಂತರ ದಶಕಗಳ ಕಾಲ ಖಾಸಗಿ ಕುಟುಂಬವೊಂದರ ವಿಹಾರ ನೌಕೆಯಾಗಿತ್ತು. 1997ರಲ್ಲಿ ರಕ್ಷಣಾ ಸಂಘವೇ ಅದನ್ನು ಮರಳಿ ಕೊಂಡಿತು. ಆ ಕುಟುಂಬ ಅದರಲ್ಲಿ ಹೆಚ್ಚೇನೂ ಬದಲಿಸಿರಲಿಲ್ಲ.